ತೂಕ ಇಳಿಯಿತು, ಹೊಟ್ಟೆ ಯಾಕೆ ಬಿಗಿಯಾಗಲಿಲ್ಲ?

ಕಳೆದ ಡಿಸೆಂಬರ್‌ನಲ್ಲಿ ನನ್ನ ತೂಕ 87 ಕೆ.ಜಿ. ಇತ್ತು. ಈಗ 69. ಎತ್ತರ 170 ಸೆಂಟಿಮೀಟರ್. ಅದರಲ್ಲಿ ಬದಲಾವಣೆ ಇಲ್ಲ. ಹದಿನೆಂಟು ಕೆ.ಜಿ. ಇಳಿದ ಮೇಲೆ ಕಾಲೇಜಿನಲ್ಲಿ ನನ್ನನ್ನು "ಗುಂಡಪ್ಪ" ಅನ್ನುವವರು ಕಡಿಮೆಯಾದರು. ಆದರೆ ಹೊಸ ಪ್ರಶ್ನೆ ಶುರುವಾಯಿತು. "ಸಿಕ್ಸ್ ಪ್ಯಾಕ್ ಎಲ್ಲಿ? ಅಂಗಿ ಎತ್ತಿ ತೋರ್ಸಲೇ" ಎಂದು ಬೆಂಚಿನ ಪಕ್ಕದವರು ಕೇಳುತ್ತಾರೆ. ತೋರಿಸುವಂಥದ್ದು ಬಹಳ ದಿನ ಏನೂ ಇರಲಿಲ್ಲ. ಕೈಕಾಲು ತೆಳ್ಳಗಾಗಿದ್ದವು, ಕೆನ್ನೆ ಒಳಗೆ ಹೋಗಿದ್ದವು, ಹೊಟ್ಟೆ ಮಾತ್ರ ಗಾಳಿ ಇಳಿದ ಬಲೂನಿನಂತೆ ಜೋತು ಬಿದ್ದಿತ್ತು. ಅದು ಯಾಕೆ ಹಾಗಾಯಿತು, ಆಮೇಲೆ ನಾನು ಏನು ತಿಳಿದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ಸೈನ್ಸ್ ವಿಭಾಗದವರು ತಪ್ಪು ಕಂಡರೆ ಕ್ಷಮಿಸಿ, ಆದರೆ ಬಯಾಲಜಿ ಸರ್‌ಗೆ ತೋರಿಸಿಯೇ ಕೊಟ್ಟಿದ್ದೇನೆ.

ಮೊದಲು ತೂಕ ಇಳಿಸಲು ಹೊರಟದ್ದು ಯಾಕೆ ಎಂದು ಹೇಳಬೇಕು. ನಮ್ಮ ಅಬ್ಬಾ ಗುತ್ತಲದಲ್ಲಿ ಟೈಲರ್. ಬೆಳಿಗ್ಗೆಯಿಂದ ರಾತ್ರಿವರೆಗೆ ಮಷೀನಿನ ಮುಂದೆ ಕುಳಿತಿರುತ್ತಾರೆ, ಗಿರಾಕಿ ಬಂದಾಗಲೆಲ್ಲ ಚಹಾ. ಕಳೆದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರ್ ಅಬ್ಬಾನ ಚೀಟಿ ಬರೆದು ಮುಗಿಸಿ, ಪಕ್ಕದಲ್ಲಿ ನಿಂತ ನನ್ನ ಹೊಟ್ಟೆ ನೋಡಿ, "ಇವನಿಗೂ ಈಗಿನಿಂದಲೇ ಹೇಳಿರಿ" ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಬ್ಬಾ ಮಾತಾಡಲಿಲ್ಲ. ರಾತ್ರಿ ಅಂಗಡಿಯ ಟೇಪು ತಂದು ನನ್ನ ಹೊಕ್ಕುಳ ಮೇಲೆ ಸುತ್ತಿದರು. 41 ಇಂಚು.

ಇಲ್ಲಿ ಟೈಲರ್ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ನನ್ನ ಪ್ಯಾಂಟಿನ ಸೊಂಟ ಆಗ 36 ಇತ್ತು. 36ರ ಪ್ಯಾಂಟ್ ಹಾಕುವವನು ತನ್ನ ಹೊಟ್ಟೆಯೂ 36 ಅಂದುಕೊಂಡಿರುತ್ತಾನೆ. ಆದರೆ ಹೊಟ್ಟೆ ಬೆಳೆದಂತೆ ಗಂಡಸರು ಪ್ಯಾಂಟನ್ನು ಕೆಳಗೆ, ಹೊಟ್ಟೆಯ ಅಡಿಯಲ್ಲಿ ಕಟ್ಟುತ್ತಾ ಹೋಗುತ್ತಾರೆ. ಹೀಗಾಗಿ ಪ್ಯಾಂಟಿನ ಅಳತೆ ವರ್ಷಗಟ್ಟಲೆ ಬದಲಾಗುವುದಿಲ್ಲ, ಹೊಟ್ಟೆ ಮಾತ್ರ ಅದರ ಮೇಲೆ ಬಾಗಿಕೊಂಡು ಬೆಳೆಯುತ್ತದೆ. ಆರೋಗ್ಯಕ್ಕೆ ಬೇಕಾದ ಅಳತೆ ಪ್ಯಾಂಟಿನದ್ದಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು ತೆಗೆಯುವ ಅಳತೆ. ನಮ್ಮ ದೇಶದ ಗಂಡಸರಿಗೆ ಅದು 90 ಸೆಂಟಿಮೀಟರ್, ಅಂದರೆ ಸುಮಾರು 35 ಇಂಚು ದಾಟಬಾರದು. ಹೆಂಗಸರಿಗೆ 80 ಸೆಂಟಿಮೀಟರ್. ಯುರೋಪಿನವರಿಗೆ ಹೇಳುವ ಮಿತಿಗಿಂತ ಇದು ಕಡಿಮೆ. ಯಾಕೆಂದರೆ ನಮ್ಮಲ್ಲಿ ತೂಕ ಹೆಚ್ಚಿಲ್ಲದವರಿಗೂ ಹೊಟ್ಟೆಯೊಳಗೆ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವುದು ಹೆಚ್ಚು.

ನಾನು ಶುರು ಮಾಡಿದ ರೀತಿ ಪೂರ್ತಿ ತಪ್ಪಾಗಿತ್ತು. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಸೌತೆಕಾಯಿ. ಜೊತೆಗೆ ದಿನಾ 200 ಸಿಟ್-ಅಪ್. ಎರಡು ತಿಂಗಳಲ್ಲಿ 9 ಕೆ.ಜಿ. ಇಳಿಯಿತು, ಎಲ್ಲರೂ ಹೊಗಳಿದರು. ಆಮೇಲೆ ರಂಜಾನ್ ಬಂತು. ಹಗಲು ಉಪವಾಸ ಇದ್ದರೂ ಇಫ್ತಾರ್‌ನಲ್ಲಿ ಸಮೋಸ, ಭಜಿ, ಶರಬತ್ತು ಸೇರಿ ತೂಕ ಒಂದು ಗ್ರಾಂ ಇಳಿಯಲಿಲ್ಲ. ಈದ್ ದಿನ ಶೀರ್ ಖುರ್ಮಾ ಮೂರು ಬಟ್ಟಲು ಕುಡಿದೆ, ಅದರ ಬಗ್ಗೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಈದ್ ಮುಗಿದ ಮೇಲೆ ಮತ್ತೆ ಉಪವಾಸದಂಥದ್ದೇ ಊಟ ಶುರು ಮಾಡಿದೆ. ಒಂದು ದಿನ ಬೆಳಿಗ್ಗೆ ಹಾವೇರಿ ಬಸ್ಸಿನಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂದು, ಯಾರದೋ ಕಾಯಿಪಲ್ಯೆ ಚೀಲದ ಮೇಲೆ ಬಿದ್ದೆ. ಆ ಅಜ್ಜಿ ಬೈಯಲಿಲ್ಲ, ತನ್ನ ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. "ಹೊಟ್ಟೆಯ ಕೊಬ್ಬು ಕರಗಿಸುವ" ಮಾತ್ರೆ ಎಂದು ಒಬ್ಬರು ಹೇಳಿದ್ದನ್ನು ನಂಬಿ 1,800 ರೂಪಾಯಿ ಕೊಟ್ಟು ಒಂದು ಡಬ್ಬಿ ತಂದೆ. ಆ ದುಡ್ಡು ಅಮ್ಮಿ ಟ್ಯೂಷನ್ ಫೀಗೆ ಕೊಟ್ಟದ್ದು. ನಾಲ್ಕು ದಿನ ನುಂಗಿದೆ. ಎದೆ ಢವಢವ, ರಾತ್ರಿ ನಿದ್ದೆ ಇಲ್ಲ. ಡಬ್ಬಿಯ ಮೇಲೆ ಏನೇನು ಇದೆ ಎಂದು ಪೂರ್ತಿ ಬರೆದಿರಲಿಲ್ಲ. ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಕೆಫೀನ್ ಒಂದೇ. ಅಮ್ಮಿಗೆ ಹೇಳಿದಾಗ ಅವಳು ದುಡ್ಡಿನ ಮಾತೇ ಎತ್ತಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ದಿನ ನಮ್ಮ ಓಣಿಯ ಎಲ್ಲರ ಮನೆಯಲ್ಲೂ ಟಿವಿ ಹಚ್ಚಿತ್ತು. ಅಮ್ಮಿಗೆ ಆ ದಿನ ಇನ್ನೂ ನೆನಪಿದೆ. ಅವಳು ಡಬ್ಬಿಯನ್ನು ನನ್ನ ಎದುರಿಗೇ ಚರಂಡಿಗೆ ಸುರಿದಳು. ವ್ಯಾಯಾಮದಿಂದಲೇ ಹೃದಯಕ್ಕೆ ತೊಂದರೆ ಎಂಬ ಅವಳ ಮಾತು ಸರಿಯಲ್ಲ, ಆದರೆ ಡಬ್ಬಿಯ ವಿಷಯದಲ್ಲಿ ಅವಳೇ ಸರಿ.

ಅಷ್ಟರಲ್ಲಿ 200 ಸಿಟ್-ಅಪ್‌ನಿಂದ ನಡುವೂ ನೋಯಲು ಶುರುವಾಗಿತ್ತು. ಪಿ.ಇ. ಸರ್ ಹತ್ತಿರ ಹೋದೆ. ಅವರು ನಕ್ಕು, "ಹೊಟ್ಟೆ ಅನ್ನೋದು ಬರೇ ಚರ್ಮ ಅಲ್ಲಪ್ಪ, ಒಳಗ ಏನೈತಿ ಅಂತ ಮೊದಲು ತಿಳ್ಕೊ" ಅಂದರು. ಸರಿ, ತಿಳಿದುಕೊಂಡದ್ದು ಇದು.

ನಾವು ಸಿಕ್ಸ್ ಪ್ಯಾಕ್ ಅನ್ನುವುದು ಒಂದು ಸ್ನಾಯುವಿನ ಆಕಾರ. ಅದರ ಹೆಸರು ರೆಕ್ಟಸ್ ಅಬ್ಡಾಮಿನಿಸ್. ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯ ಮೂಳೆವರೆಗೆ ಎರಡು ಪಟ್ಟಿಗಳಾಗಿ ಇಳಿಯುತ್ತದೆ. ನಡುವೆ ಉದ್ದಕ್ಕೆ ಒಂದು ಬಿಳಿಯ ಗೆರೆ, ಅಡ್ಡಕ್ಕೆ ಸಾಮಾನ್ಯವಾಗಿ ಮೂರು ಗಟ್ಟಿ ನಾರಿನ ಪಟ್ಟಿಗಳು. ಈ ಗೆರೆಗಳ ನಡುವೆ ಸ್ನಾಯು ಉಬ್ಬಿದಾಗ ಮನೆ ಮನೆಯಾಗಿ ಕಾಣುತ್ತದೆ. ಅಂದರೆ ಆರು ಮನೆ ನನಗೂ ಇದೆ, ನಿಮಗೂ ಇದೆ, ಕ್ಯಾಂಟೀನಿನ ಕಾಕಾಗೂ ಇದೆ. ಹುಟ್ಟುವಾಗಲೇ ಬಂದದ್ದು. ಕೆಲವರಿಗೆ ಅಡ್ಡಪಟ್ಟಿ ಕಡಿಮೆ ಇದ್ದು ನಾಲ್ಕೇ ಮನೆ, ಕೆಲವರಿಗೆ ಎಂಟು. ಕೆಲವರಿಗೆ ಎಡಬಲ ಒಂದೇ ಸಾಲಿನಲ್ಲಿರುವುದಿಲ್ಲ. ಯಾವ ವ್ಯಾಯಾಮದಿಂದಲೂ ನಾಲ್ಕನ್ನು ಆರು ಮಾಡಲು ಬರುವುದಿಲ್ಲ. 2007ರಲ್ಲಿ 'ಓಂ ಶಾಂತಿ ಓಂ'ನಲ್ಲಿ ಶಾರುಖ್ ಖಾನ್ ಸಿಕ್ಸ್ ಪ್ಯಾಕ್ ತೋರಿಸಿದ ಮೇಲೆ ಆರು ಎಂಬುದು ಪಾಸ್ ಮಾರ್ಕ್ಸ್ ಥರ ಆಗಿಬಿಟ್ಟಿದೆ, ಅಷ್ಟೇ.

ಈ ಪಟ್ಟಿಗಳ ಎರಡೂ ಪಕ್ಕದಲ್ಲಿ ಓರೆಯಾಗಿ ಹೋಗುವ ಸ್ನಾಯುಗಳಿವೆ. ಎಲ್ಲಕ್ಕಿಂತ ಒಳಗೆ ಇನ್ನೊಂದು ಇದೆ, ಅಮ್ಮಿ ಹೆರಿಗೆಯಾದ ಮೇಲೆ ಸೊಂಟಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಂತೆ ಅದು ಹೊಟ್ಟೆಯನ್ನು ಸುತ್ತಿಕೊಂಡಿರುತ್ತದೆ. ಅದು ಕನ್ನಡಿಯಲ್ಲಿ ಯಾವತ್ತೂ ಕಾಣುವುದಿಲ್ಲ, ಆದರೆ ಹೊಟ್ಟೆಯನ್ನು ಒಳಗೆ ಹಿಡಿದಿಡುವುದು ಅದೇ. ತೂಕ ಇಳಿದ ಮೇಲೂ ಹೊಟ್ಟೆ ಮುಂದಕ್ಕೆ ಬಂದಂತೆ ಕಾಣುವುದಕ್ಕೆ ಈ ಒಳಗಿನ ಸ್ನಾಯು ಸಡಿಲ ಇರುವುದು, ನಾವು ನಡು ಬಗ್ಗಿಸಿ ನಿಲ್ಲುವುದು ಕೂಡ ಕಾರಣ.

ಇನ್ನು ಕೊಬ್ಬು. ಹೊಟ್ಟೆಯಲ್ಲಿ ಎರಡು ಕಡೆ ಕೊಬ್ಬಿರುತ್ತದೆ. ಒಂದು ಚರ್ಮದ ಕೆಳಗೆ, ಚಿವುಟಿದರೆ ಕೈಗೆ ಸಿಗುವಂಥದ್ದು. ಇನ್ನೊಂದು ಸ್ನಾಯುವಿನ ಹಿಂದೆ, ಕರುಳು ಯಕೃತ್ತಿನ ಸುತ್ತ, ಕೈಗೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ಅಪಾಯ ಹೆಚ್ಚು ಈ ಎರಡನೆಯದರಿಂದ. ಸಮಾಧಾನದ ವಿಷಯ ಏನೆಂದರೆ ಊಟ ಸರಿಮಾಡಿ ಓಡಾಡಲು ಶುರು ಮಾಡಿದರೆ ಅದೂ ಚೆನ್ನಾಗಿ ಕರಗುತ್ತದೆ. ಚರ್ಮದ ಕೆಳಗಿನದು, ಅದರಲ್ಲೂ ಗಂಡಸರಲ್ಲಿ ಹೊಕ್ಕುಳ ಕೆಳಗಿನದು, ಕೊನೆಯವರೆಗೂ ಹಟ ಹಿಡಿಯುತ್ತದೆ. ಸಿಕ್ಸ್ ಪ್ಯಾಕ್ ಮುಚ್ಚುವುದು ಅದೇ.

ಹಾಗಾದರೆ ಸಿಟ್-ಅಪ್ ಮಾಡಿ ಅಲ್ಲಿಯದನ್ನೇ ಕರಗಿಸಬಹುದಲ್ಲ? ನಾನು ಎಡವಿದ್ದು ಇಲ್ಲೇ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಕೊಬ್ಬು ಬ್ಯಾಂಕಿನಲ್ಲಿಟ್ಟ ಹಣ. ಖರ್ಚು ಬಂದಾಗ ದೇಹ ಹಣ ತೆಗೆಯುತ್ತದೆ, ಆದರೆ ಯಾವ ಶಾಖೆಯಿಂದ ತೆಗೆಯಬೇಕು ಎಂದು ನಾವು ಚೆಕ್ ಮೇಲೆ ಬರೆಯಲು ಆಗುವುದಿಲ್ಲ. ಹೊಟ್ಟೆಯ ಸ್ನಾಯು ಕೆಲಸ ಮಾಡಿದರೂ ಅದಕ್ಕೆ ಬೇಕಾದ ಇಂಧನ ರಕ್ತದ ಮೂಲಕ ಇಡೀ ಮೈಯಿಂದ ಬರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಏಳು ಬಗೆಯ ಹೊಟ್ಟೆ ವ್ಯಾಯಾಮ, ವಾರಕ್ಕೆ ಐದು ದಿನ, ಆರು ವಾರ. ಕೊನೆಗೆ ಅಳೆದರೆ ಹೊಟ್ಟೆಯ ಕೊಬ್ಬು ಇದ್ದಷ್ಟೇ ಇತ್ತು. ಹೆಚ್ಚಾದದ್ದು ಹೊಟ್ಟೆ ಸ್ನಾಯುವಿನ ದಮ್ಮು ಮಾತ್ರ. ಲೆಕ್ಕ ಹಾಕಿದರೂ ಗೊತ್ತಾಗುತ್ತದೆ. ನೂರು ಸಿಟ್-ಅಪ್‌ಗೆ ಖರ್ಚಾಗುವುದು ಅಂದಾಜು 30 ಕ್ಯಾಲೊರಿ. ಒಂದು ಜೋಳದ ರೊಟ್ಟಿಯಲ್ಲಿ ಅದರ ನಾಲ್ಕು ಪಟ್ಟು ಇದೆ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಭಾಗಾಕಾರ ನೀವೇ ಮಾಡಿ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ನಾನು ಕ್ಲಾಸಿನಲ್ಲಿ ಕೇಳಿದಾಗ ಬಹಳ ಜನ "ಬೆವರಿನಲ್ಲಿ" ಅಂದರು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ 10 ಕೆ.ಜಿ. ಕೊಬ್ಬು ಕರಗಿದರೆ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ಹಾಗಾಗಿ ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದರಿಂದ ಹೋಗುವುದು ಬರೀ ನೀರು, ಮನೆಗೆ ಬಂದು ಒಂದು ಚೊಂಬು ಕುಡಿದರೆ ವಾಪಸ್.

ನನ್ನ ಹೊಟ್ಟೆ ಸಡಿಲ ಉಳಿಯಲು ಮುಖ್ಯ ಕಾರಣ ಬೇರೆ. ಹಸಿದು ಹಸಿದು ತೂಕ ಇಳಿಸಿದಾಗ ಹೋಗುವುದು ಕೊಬ್ಬೊಂದೇ ಅಲ್ಲ. ವ್ಯಾಯಾಮವಿಲ್ಲದೆ, ಪ್ರೋಟೀನ್ ಇಲ್ಲದೆ ಇಳಿಸಿದ ತೂಕದಲ್ಲಿ ಸಾಮಾನ್ಯವಾಗಿ ಕಾಲುಭಾಗದಷ್ಟು ಸ್ನಾಯು ಮುಂತಾದ ಕೊಬ್ಬಲ್ಲದ ಭಾಗವೇ ಇರುತ್ತದೆ. ಅಂದರೆ ಸಾಲ ತೀರಿಸಲು ಹೋಗಿ ಅಂಗಡಿಯ ಮಷೀನನ್ನೇ ಮಾರಿದ ಹಾಗೆ. ಮೇಲಿನ ಕೊಬ್ಬು ಸ್ವಲ್ಪ ತೆಳುವಾಯಿತು, ಆದರೆ ಕೆಳಗೆ ಉಬ್ಬಿ ಕಾಣಬೇಕಾದ ಸ್ನಾಯುವೂ ತೆಳುವಾಯಿತು. ಚರ್ಮವೂ ಅಷ್ಟು ಬೇಗ ಕುಗ್ಗುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷಕ್ಕಿಂತ ಹೆಚ್ಚು. ನಮ್ಮ ವಯಸ್ಸಿನವರಿಗೆ ಚರ್ಮ ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬುದೊಂದು ಲಾಭ. ಯಾವ ಮುಲಾಮಿನಿಂದಲೂ ಆ ಕೆಲಸ ಬೇಗ ಆಗುವುದಿಲ್ಲ.

ಆಮೇಲೆ ನಾನು ಮಾಡಿದ್ದರಲ್ಲಿ ಅರ್ಧ ಅಡುಗೆಮನೆಯ ಲೆಕ್ಕ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಸ್ನಾಯು ಬೆಳೆಸುವ ವ್ಯಾಯಾಮ ಮಾಡುವವರಿಗೆ 1.2 ಗ್ರಾಂ ಅಥವಾ ಇನ್ನೂ ಸ್ವಲ್ಪ ಹೆಚ್ಚು ಎನ್ನುತ್ತಾರೆ. ನನ್ನ ತೂಕಕ್ಕೆ ಅದು 83 ಗ್ರಾಂ. ಪೌಡರ್ ಡಬ್ಬಿ ಇಲ್ಲದೆ ಇದು ಸಾಧ್ಯವೇ ಎಂದು ನೋಟ್‌ಬುಕ್ಕಿನಲ್ಲಿ ಲೆಡ್ಜರ್ ಬರೆದೆ. ಎರಡು ಮೊಟ್ಟೆ 13, ಮೂರು ಜೋಳದ ರೊಟ್ಟಿ 12, ಒಂದು ಹಿಡಿ ಮೊಳಕೆ ಹೆಸರುಕಾಳು 12, ಹಾಲು ಮೊಸರು ಸೇರಿ 13, ಎರಡು ಸಣ್ಣ ಹಿಡಿ ಶೇಂಗಾ 10, ಒಂದು ಹಿಡಿ ಸೋಯಾ ಉಂಡೆ 15, ಅನ್ನ ಬೇಳೆಯಿಂದ 10. ಒಟ್ಟು 85. ಖರ್ಚು ಹೆಚ್ಚಾದದ್ದು ಮೊಟ್ಟೆ ಮತ್ತು ಸೋಯಾಕ್ಕೆ ಮಾತ್ರ, ಅದನ್ನು ಸಂಜೆಯ ಮಿರ್ಚಿ ಭಜಿ ಬಿಟ್ಟು ಸರಿದೂಗಿಸಿದೆ. ಸೋಯಾ ಪಲ್ಯ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಆಪಾ ಅದಕ್ಕೆ "ರಬ್ಬರ್ ಸಾಲನ್" ಎಂದು ಹೆಸರಿಟ್ಟಿದ್ದಾಳೆ. ಚಹಾಕ್ಕೆ ಸಕ್ಕರೆ ನಿಲ್ಲಿಸಿದೆ. ದಿನಕ್ಕೆ ಆರು ಚಹಾ, ಒಂದಕ್ಕೆ ಎರಡು ಚಮಚ ಅಂದರೆ 240 ಕ್ಯಾಲೊರಿ ಬರೀ ಸಕ್ಕರೆಯದ್ದು. ಊಟ ಅಂದಾಜು 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ನಿಧಾನ ಅನಿಸುತ್ತದೆ, ಆದರೆ ಬಸ್ಸಿನಲ್ಲಿ ಬೀಳುವುದಿಲ್ಲ.

ಇನ್ನರ್ಧ ವ್ಯಾಯಾಮ. ಪಿ.ಇ. ಸರ್ ಸಿಟ್-ಅಪ್ ಬಿಡಿಸಿದರು. ಕಾಲು ಒತ್ತಿ ಹಿಡಿದು ಮಾಡುವ ಸಿಟ್-ಅಪ್‌ನಲ್ಲಿ ಎಳೆಯುವುದು ಹೊಟ್ಟೆಗಿಂತ ತೊಡೆಯಿಂದ ನಡುಮೂಳೆಗೆ ಹೋಗುವ ಸ್ನಾಯು, ಅದು ಬೆನ್ನನ್ನು ಜಗ್ಗುತ್ತದೆ. ಅಮೆರಿಕದ ಸೈನ್ಯದವರು 1980ರಿಂದ ತಮ್ಮ ದೈಹಿಕ ಪರೀಕ್ಷೆಯಲ್ಲಿ ಎರಡು ನಿಮಿಷದ ಸಿಟ್-ಅಪ್ ಇಟ್ಟಿದ್ದರು. ಅವರೂ ಈಗ ಅದನ್ನು ಬಿಟ್ಟು, 2022ರಿಂದ ಪ್ಲ್ಯಾಂಕ್ ಇಟ್ಟಿದ್ದಾರೆ. ಪ್ಲ್ಯಾಂಕ್ ಎಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಹಲಗೆಯಂತೆ ನಿಲ್ಲುವುದು. ಹೊಟ್ಟೆಯ ನಿಜವಾದ ಕೆಲಸ ಬಗ್ಗುವುದಲ್ಲ, ಬೆನ್ನು ಅಲುಗದಂತೆ ಹಿಡಿಯುವುದು.

ಇದು ಅರ್ಥವಾದ ಮೇಲೆ ನಮ್ಮ ಕಡೆಯ ಗರಡಿಮನೆಯ ಹಳೆಯ ಸಾಮುಗಳ ಮೇಲೆ ನನಗೆ ಗೌರವ ಬಂತು. ದಂಡ ಹೊಡೆಯುವಾಗ ಇಡೀ ಹೊಟ್ಟೆ ಬಿಗಿ ಹಿಡಿಯಲೇಬೇಕು, ಇಲ್ಲದಿದ್ದರೆ ನಡು ಕುಸಿಯುತ್ತದೆ. ಬೈಠಕ್ ತೊಡೆಗೆ, ಮೈಯಲ್ಲಿ ದೊಡ್ಡ ಸ್ನಾಯುಗಳಿರುವುದು ಅಲ್ಲೇ, ಹಾಗಾಗಿ ಖರ್ಚೂ ಅಲ್ಲೇ ಹೆಚ್ಚು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ. ಅವರಲ್ಲಿ ಹಲವರಿಗೆ ಹೊಟ್ಟೆಯ ಮೇಲೆ ಆರು ಮನೆ ಕಾಣುವುದಿಲ್ಲ, ಆದರೆ ಆ ಹೊಟ್ಟೆ ಕಲ್ಲಿಗಿಂತ ಗಟ್ಟಿ. ಕನ್ನಡ ಮೇಡಂ ಇನ್ನೊಂದು ವಿಷಯ ಹೇಳಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ವ್ಯಾಯಾಮಪಟು. 1930ರಲ್ಲೇ 'ಮಸಲ್ ಕಲ್ಟ್' ಎಂಬ ಪುಸ್ತಕ ಬರೆದಿದ್ದರು. ಸೂರ್ಯ ನಮಸ್ಕಾರದ ಬಗ್ಗೆಯೂ ಬರೆದರು, ಬಾರ್‌ಬೆಲ್ಲೂ ಎತ್ತಿದರು. ಅವರ ಹಳೆಯ ಫೋಟೊ ನೋಡಿದೆ, ಆ ಹೊಟ್ಟೆಯ ಮುಂದೆ ಈಗಿನ ಹೀರೋಗಳು ಸಪ್ಪೆ.

ನಾನು ವಾರಕ್ಕೆ ಮೂರು ದಿನ ದಂಡ, ಬೈಠಕ್, ಪ್ಲ್ಯಾಂಕ್, ಮಲಗಿ ಕಾಲೆತ್ತುವುದು, ಹಿತ್ತಲ ಬೇವಿನ ಕೊಂಬೆಗೆ ಜೋತು ಪುಲ್-ಅಪ್ ಮಾಡುತ್ತೇನೆ. ಮೊದಲ ಪುಲ್-ಅಪ್ ಬರಲು ಏಳು ವಾರ ಬೇಕಾಯಿತು. ನಡುವಿನ ದಿನ ಹಾವನೂರು ರಸ್ತೆಯಲ್ಲಿ ಓಟ. ಹೊಟ್ಟೆಯೂ ಒಂದು ಸ್ನಾಯುವೇ, ತೋಳಿನಂತೆ ಅದಕ್ಕೂ ಭಾರ ಹೆಚ್ಚಬೇಕು, ವಿಶ್ರಾಂತಿಯೂ ಬೇಕು. ದಿನಾ 200 ಬಾರಿ ಅದೇ ಸುಲಭದ್ದನ್ನು ಮಾಡಿದರೆ ದಮ್ಮು ಬರುತ್ತದೆ, ದಪ್ಪ ಬರುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ ವ್ಯಾಯಾಮಕ್ಕೆ ಜಿಮ್ಮಿನಲ್ಲಿ ಏನೋ ಹೆಸರಿದೆಯಂತೆ, ನಮ್ಮ ಮನೆಯಲ್ಲಿ ಅದಕ್ಕೆ ನೀರು ತರುವುದು ಅನ್ನುತ್ತೇವೆ. ಒಂದೇ ಕೈಯಲ್ಲಿ ತುಂಬಿದ ಕೊಡ ಹಿಡಿದು, ಮೈ ಓರೆಯಾಗದಂತೆ ನೆಟ್ಟಗೆ ನಡೆಯಬೇಕು. ಎದುರು ಪಕ್ಕೆಯ ಓರೆ ಸ್ನಾಯುಗಳು ಬಿಗಿಯುವುದು ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಮೊದಲು ನೀರು ತರುವ ಕೆಲಸ ಆಪಾಳದ್ದಾಗಿತ್ತು. ಈಗ ನನ್ನದು. ಅವಳಿಗೆ ಈ ಲೇಖನದಲ್ಲಿ ಅತ್ಯಂತ ಉಪಯುಕ್ತ ಭಾಗ ಇದೇ ಅಂತೆ.

ಆಪಾಳ ಮಾತು ಬಂದದ್ದಕ್ಕೆ ನಮ್ಮ ಕಾಲೇಜಿನ ಅಕ್ಕತಂಗಿಯರಿಗೂ ಒಂದು ವಿಷಯ. ಗಂಡಸರಲ್ಲಿ ಹೊಟ್ಟೆಯ ಮನೆಗಳು ಚೆನ್ನಾಗಿ ಕಾಣಬೇಕಾದರೆ ದೇಹದ ಕೊಬ್ಬು ಸುಮಾರು ನೂರಕ್ಕೆ 10-12ಕ್ಕೆ ಇಳಿಯಬೇಕು. ಹೆಣ್ಣುಮಕ್ಕಳ ದೇಹಕ್ಕೆ ಅಷ್ಟು ಕೊಬ್ಬು ಬದುಕಲಿಕ್ಕೇ ಬೇಕು. ಅಷ್ಟಕ್ಕೆ ಇಳಿಸಲು ಹೋದರೆ ತಿಂಗಳ ಮುಟ್ಟು ತಪ್ಪುತ್ತದೆ, ಮೂಳೆ ಸೊರಗುತ್ತದೆ. ಶಕ್ತಿ ಬೆಳೆಸುವ ವ್ಯಾಯಾಮ ಇಬ್ಬರಿಗೂ ಒಂದೇ, ಕನ್ನಡಿಯ ಲೆಕ್ಕ ಮಾತ್ರ ಬೇರೆ. ಹುಡುಗರಿಗೂ ವರ್ಷವಿಡೀ 10ರಲ್ಲಿ ಇರುವುದು ಸುಲಭವಲ್ಲ. ಸಿನಿಮಾದವರು ಶೂಟಿಂಗ್ ದಿನಕ್ಕೆಂದು ನೀರು, ಉಪ್ಪು ಕಡಿಮೆ ಮಾಡಿ, ಪಕ್ಕದಿಂದ ಲೈಟು ಬಿಡಿಸಿಕೊಂಡು ತೋರಿಸುತ್ತಾರೆ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನನ್ನ ಮಾಮು ಹಮಾಲಿ ಕೆಲಸ ಮಾಡುತ್ತಾರೆ. ಸೀಜನ್ನಿನಲ್ಲಿ ಬೆಳಗಿನಿಂದ ಚೀಲ ಹೊರುತ್ತಾರೆ. ಅವರು ಅಂಗಿ ತೆಗೆದರೆ ಆರು ಮನೆ ಗೆರೆ ಎಳೆದಂತೆ ಕಾಣುತ್ತವೆ. ಇದಕ್ಕಾಗಿ ಹುಡುಗರು ತಿಂಗಳಿಗೆ ಸಾವಿರ ರೂಪಾಯಿ ಫೀ ಕಟ್ಟುತ್ತಾರೆ ಎಂದು ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ಬೇಟಾ, ನನಗೆ ಒಂದು ತಿಂಗಳು ಕೂತು ಉಣ್ಣೋಕೆ ಸಿಕ್ಕರೆ ಇವನ್ನ ನಿನಗೇ ಕೊಟ್ಟುಬಿಡ್ತೀನಿ" ಅಂದರು. ಅವರಿಗೆ ಮಂಡಿನೋವಿದೆ. ಆ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಈಗ ನನ್ನ ಹೊಟ್ಟೆಯಲ್ಲಿ ಮೇಲಿನ ಎರಡು ಮನೆ ಕಾಣುತ್ತವೆ, ಅದೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಿಟಕಿಯ ಪಕ್ಕ ನಿಂತರೆ. ಮಧ್ಯಾಹ್ನದ ಊಟವಾದ ಮೇಲೆ ಅವು ಮಾಯ. ಹೊಕ್ಕುಳ ಕೆಳಗಿನ ಚರ್ಮ ಇನ್ನೂ ಸ್ವಲ್ಪ ಸಡಿಲವೇ. ಟೇಪಿನ ಅಳತೆ 33. ಅಬ್ಬಾ ನನ್ನ ಹಳೆಯ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಹಿಡಿದು ಹೊಲಿದುಕೊಟ್ಟರು. ಕಳೆದ ತಿಂಗಳಿಂದ ಅವರೂ ಫಜರ್ ನಮಾಜ್ ಮುಗಿಸಿ ನನ್ನ ಜೊತೆ ಹಾವನೂರು ರಸ್ತೆಗೆ ಬರುತ್ತಾರೆ. ನಾನು ಓಡುತ್ತೇನೆ, ಅವರು ನಡೆಯುತ್ತಾರೆ. ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಾವೇ ಟೇಪು ಸುತ್ತಿಕೊಂಡು ಅಂಕಿಯನ್ನು ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತಾರೆ. ಮೊದಲ ವಾರ 42 ಇತ್ತು. ಮೊನ್ನೆ ನೋಡಿದೆ, ನಲವತ್ತೊಂದೂವರೆ ಎಂದು ಉರ್ದುವಿನಲ್ಲಿ ಬರೆದು ಕೆಳಗೆ ಎರಡು ಗೆರೆ ಹಾಕಿದ್ದರು.